ಸರ್ವರ್ ಘಟ್ಟದ ಮೇಲೆ, ನಾವು ಘಟ್ಟದ ಕೆಳಗೆ

ಎಲ್ಲರಿಗೂ ನಮಸ್ಕಾರ. ಇಷ್ಟು ಜೋರು ಮಳೆಯಲ್ಲೂ ಬಂದಿದ್ದೀರಿ, ತುಂಬಾ ಸಂತೋಷ.

ಮಂಗಳೂರಿನ ಸಣ್ಣ ಸಾಫ್ಟ್‌ವೇರ್ ಕಂಪೆನಿಗಳ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ಅಂಗಡಿಗಳ ಬಿಲ್ಲಿಂಗ್, ಶಾಲೆಗಳ ಫೀಸು, ಸೊಸೈಟಿಗಳ ಲೆಕ್ಕ, ಕ್ಲಿನಿಕ್‌ಗಳ ಸ್ಕ್ಯಾನ್ ಚಿತ್ರಗಳು, ಹೀಗೆ. ಸರ್ವರ್ ಅಂದರೆ ಇವನ್ನೆಲ್ಲ ಹಗಲೂ ರಾತ್ರಿ ಓಡಿಸುವ ಕಂಪ್ಯೂಟರ್, ಅಂಥವನ್ನು ಸಾಲಾಗಿ ಇಡುವ ಕಟ್ಟಡ ಡೇಟಾ ಸೆಂಟರ್. ವರ್ಷಕ್ಕೆ ನಾಲ್ಕೈದು ಸಲವಾದರೂ ಯಾರಾದರೂ ನನ್ನನ್ನು ಕೂರಿಸಿ ಕೇಳುತ್ತಾರೆ: "ತಿಂಗಳು ತಿಂಗಳು ಇಷ್ಟು ಬಾಡಿಗೆ ಕಟ್ಟುವುದು ಯಾಕೆ ಮಾರಾಯ್ರೆ? ನಮ್ಮದೇ ಒಂದು ಸರ್ವರ್ ತೆಗೆದು ಬೆಂಗಳೂರಿನ ಡೇಟಾ ಸೆಂಟರಿನಲ್ಲಿ ಇಟ್ಟರೆ ಆಗುವುದಿಲ್ವಾ?"

ಆಗುತ್ತದೆ. ಆದರೆ ಆಗುವುದು ಯಾರಿಗೆ, ಯಾವಾಗ ಅಂತ ಇವತ್ತು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸರ್ವರನ್ನು ಬಾಡಿಗೆಗೆ ತೆಗೆಯುವುದು, ಸ್ವಂತದ್ದನ್ನು ಡೇಟಾ ಸೆಂಟರಿನಲ್ಲಿ ಇಡುವುದು (ಇದಕ್ಕೆ ಕೊಲೊಕೇಶನ್ ಅನ್ನುತ್ತಾರೆ), ಈ ಎರಡರ ವ್ಯತ್ಯಾಸ ನಮ್ಮ ಜಿಲ್ಲೆಯವರಿಗೆ ಬೇಗ ಅರ್ಥವಾಗುತ್ತದೆ. ಚಾಲಗೇಣಿ (ಒಡೆಯರು ಬಿಡಿಸಬಹುದಾದ ಗೇಣಿ), ಮೂಲಗೇಣಿ (ಕಾಯಂ ಗೇಣಿ) ಅನ್ನುವ ಮಾತನ್ನು ಮನೆಯ ಹಿರಿಯರ ಬಾಯಲ್ಲಿ ಕೇಳಿರುತ್ತೀರಿ. 1974ರ ಭೂಸುಧಾರಣೆಯಿಂದ ಗದ್ದೆಯ ಗೇಣಿ ಹೋಯಿತು. ಆದರೆ ಮಂಗಳೂರು, ಉಡುಪಿ ಪೇಟೆಯಲ್ಲಿ ಮೂಲಗೇಣಿ ಜಾಗದಲ್ಲಿ ಮನೆ ಕಟ್ಟಿಕೊಂಡವರು ಈಗಲೂ ಇದ್ದಾರೆ. ನೆಲ ಇನ್ನೊಬ್ಬರದು, ಮೇಲಿನ ಮನೆ ತಮ್ಮದು. ಕೊಲೊಕೇಶನ್ ಅಂದರೆ ಹೆಚ್ಚುಕಮ್ಮಿ ಅದೇ. ಡೇಟಾ ಸೆಂಟರಿನವರು ಕಬ್ಬಿಣದ ಕಪಾಟಿನಂಥ ರ‍್ಯಾಕಿನಲ್ಲಿ ಜಾಗ, ಕರೆಂಟು, ಎಸಿ, ನೆಟ್ಟು, ಕಾವಲು ಕೊಡುತ್ತಾರೆ. ಪೆಟ್ಟಿಗೆ, ಅಂದರೆ ಸರ್ವರ್, ನಿಮ್ಮದು. ಡೆಡಿಕೇಟೆಡ್ ಸರ್ವರ್ ಬಾಡಿಗೆಗೆ ತೆಗೆದರೆ ಅದು ಬಾಡಿಗೆ ಮನೆ. ಪೂರ್ತಿ ಮನೆ ನಿಮಗೊಬ್ಬರಿಗೇ, ಒಳಗೆ ಯಾರೂ ಪಾಲುದಾರರಿಲ್ಲ. ಆದರೆ ಗೋಡೆಯೂ ಅವರದು, ಸೋರುವ ಮಾಡು ರಿಪೇರಿ ಮಾಡುವ ಹೊಣೆಯೂ ಅವರದು.

ಒಂದು ಕಡೆ ಮಾತ್ರ ಈ ಹೋಲಿಕೆ ಕೂಡಿಬರುವುದಿಲ್ಲ. ಮೂಲಗೇಣಿಯಲ್ಲಿ ಗೇಣಿ ನಿಗದಿಯಾಗಿರುತ್ತಿತ್ತು. ಕೊಲೊಕೇಶನ್ ಕರಾರು ಸಾಮಾನ್ಯವಾಗಿ ಒಂದೋ ಮೂರೋ ವರ್ಷಕ್ಕೆ. ಕರೆಂಟಿನ ದರ ಏರಿದರೆ ಅದೂ ಏರುತ್ತದೆ.

ಈಗ ದುಡ್ಡಿನ ಲೆಕ್ಕ. ಮಾರುಕಟ್ಟೆ ದರ ಅಂತ ತಿಳಿಯಬೇಡಿ, ಲೆಕ್ಕದ ದಾರಿ ತೋರಿಸಲು ಇಟ್ಟುಕೊಂಡ ಸಂಖ್ಯೆಗಳು ಇವು. ನಿಮ್ಮ ಕೊಟೇಶನ್ ಬಂದಾಗ ನಿಮ್ಮ ಸಂಖ್ಯೆ ಹಾಕಿ. ಒಂದು ಸರ್ವರಿಗೆ 3,00,000 ರೂಪಾಯಿ. ಕೈಯಲ್ಲಿ ಇರಬೇಕಾದ ಬಿಡಿಭಾಗಗಳಿಗೆ 40,000. ಕೊಲೊಕೇಶನ್ ಬಾಡಿಗೆ ತಿಂಗಳಿಗೆ 8,000. ಅಂಥದ್ದೇ ಸರ್ವರನ್ನು ಬಾಡಿಗೆಗೆ ತೆಗೆದರೆ ತಿಂಗಳಿಗೆ 18,000. ಅಂದರೆ ಸ್ವಂತದ್ದಾದರೆ ತಿಂಗಳಿಗೆ 10,000 ಉಳಿಯಿತು. ಆದರೆ ಮೊದಲೇ ಹಾಕಿದ 3,40,000 ವಾಪಸು ಬರಲು 34 ತಿಂಗಳು ಬೇಕು. ಬ್ಯಾಂಕಿನ ಬಡ್ಡಿ ಸೇರಿಸಿದರೆ ಇನ್ನೂ ಜಾಸ್ತಿ.

ಈ 34 ತಿಂಗಳು ಅನ್ನುವುದನ್ನು ಸ್ವಲ್ಪ ಗಮನಿಸಿ. ಸರ್ವರಿನ ವಾರಂಟಿ ಸಾಮಾನ್ಯವಾಗಿ ಮೂರು ವರ್ಷ, ಅಂದರೆ 36 ತಿಂಗಳು. ಉಳಿತಾಯ ಶುರುವಾಗುವ ಹೊತ್ತಿಗೆ ವಾರಂಟಿ ಮುಗಿಯುತ್ತಾ ಬಂದಿರುತ್ತದೆ. ಐದು ವರ್ಷ ಓಡಿಸಿದರೆ ಸ್ವಂತದ್ದಕ್ಕೆ ಒಟ್ಟು 8,20,000, ಬಾಡಿಗೆಗೆ 10,80,000. ಎರಡೂವರೆ ಲಕ್ಷಕ್ಕೂ ಜಾಸ್ತಿ ಉಳಿಯಿತು, ನಿಜ. ಆದರೆ ಹೆಚ್ಚುಕಮ್ಮಿ ಅಷ್ಟೂ ಉಳಿದದ್ದು ನಾಲ್ಕನೇ, ಐದನೇ ವರ್ಷದಲ್ಲಿ. ಡಿಸ್ಕು, ಫ್ಯಾನು, ಪವರ್ ಸಪ್ಲೈ ಕೈಕೊಡಲು ಶುರುಮಾಡುವುದೂ ಅದೇ ವರ್ಷಗಳಲ್ಲಿ. ಆಗ ಬರುವ ಖರ್ಚು, ಓಡಾಟ ಎಲ್ಲ ನಿಮ್ಮ ತಲೆಯ ಮೇಲೆ. ಎರಡು ವರ್ಷದ ಮಟ್ಟಿಗೆ ಯೋಚಿಸುವವರು ಕೊಲೊಕೇಶನ್ ಕಡೆ ಹೋಗಲೇಬೇಡಿ ಅಂತ ನಾನು ಹೇಳುವುದು ಇದಕ್ಕೇ.

ತೆರಿಗೆಯ ವಿಷಯ ನಿಮ್ಮ ಆಡಿಟರ ಹತ್ತಿರ ಕೇಳಿ. ಬಾಡಿಗೆ ಆಯಾ ವರ್ಷದ ಖರ್ಚಿಗೇ ಸೇರುತ್ತದೆ, ಕೊಂಡ ಕಂಪ್ಯೂಟರಿಗೆ ವರ್ಷಕ್ಕೆ ಶೇಕಡಾ 40ರಂತೆ ಸವಕಳಿ. ಅಷ್ಟು ಗೊತ್ತಿದ್ದರೆ ಸಾಕು.

ನನಗೆ ದುಡ್ಡಿಗಿಂತ ದೊಡ್ಡದಾಗಿ ಕಾಣುವುದು ಇನ್ನೊಂದು ವಿಷಯ. ಆ ಪೆಟ್ಟಿಗೆ ಇರುವುದು ಘಟ್ಟದ ಮೇಲೆ. ನಾವು ಇರುವುದು ಘಟ್ಟದ ಕೆಳಗೆ. ನಡುವೆ ಸುಮಾರು 350 ಕಿಲೋಮೀಟರ್ ದಾರಿ, ಜೂನಿನಿಂದ ಸೆಪ್ಟೆಂಬರ್ ತನಕ ಶಿರಾಡಿಯಲ್ಲಿ ಯಾವಾಗ ಗುಡ್ಡ ಜರಿಯುತ್ತದೋ ಹೇಳಲಾಗುವುದಿಲ್ಲ.

ಒಂದು ಜುಲೈ ತಿಂಗಳಲ್ಲಿ ಆದದ್ದು ಹೇಳುತ್ತೇನೆ. ನಾನು ನೋಡಿಕೊಳ್ಳುತ್ತಿದ್ದ ಒಂದು ಸರ್ವರ್ ಬೆಂಗಳೂರಿನ ಒಂದು ಡೇಟಾ ಸೆಂಟರಿನಲ್ಲಿತ್ತು. ಕೊಂಡದ್ದು ನಮ್ಮ ಗ್ರಾಹಕರೇ. ನಾಲ್ಕು ಡಿಸ್ಕು, ರೇಡ್ 5. ಅಂದರೆ ಒಂದು ಡಿಸ್ಕು ಹೋದರೂ ಕೆಲಸ ನಡೆಯುತ್ತದೆ, ಎರಡು ಹೋದರೆ ಇಲ್ಲ. ಸಂಜೆ ಒಂದು ಡಿಸ್ಕು ಹೋಯಿತು. ಶಿರಾಡಿ ಬಂದ್, ಆ ರಾತ್ರಿಯ ಬಸ್ಸಿಲ್ಲ. ಪುಣ್ಯಕ್ಕೆ ಒಂದು ಹೊಸ ಡಿಸ್ಕನ್ನು ಅಲ್ಲೇ ಇಟ್ಟಿದ್ದೆವು. ಡೇಟಾ ಸೆಂಟರಿಗೆ ಫೋನ್ ಮಾಡಿದೆ. ಇದಕ್ಕೆ ರಿಮೋಟ್ ಹ್ಯಾಂಡ್ಸ್ ಅನ್ನುತ್ತಾರೆ, ಅಲ್ಲಿಯ ಹುಡುಗರು ನಮ್ಮ ಪರವಾಗಿ ಕೈ ಹಾಕುವುದು, ಗಂಟೆಗೆ ಇಷ್ಟು ಅಂತ ಚಾರ್ಜು. "ಡಿಸ್ಕ್ ನಂಬರ್ 2 ತೆಗೆದು ಹೊಸದು ಹಾಕಿ" ಅಂತ ಹೇಳಿದೆ.

ನನ್ನ ಪರದೆ ಡಿಸ್ಕುಗಳನ್ನು ಸೊನ್ನೆಯಿಂದ ಎಣಿಸುತ್ತಿತ್ತು. 0, 1, 2, 3. ಆ ಹುಡುಗ ನಮ್ಮೆಲ್ಲರ ಹಾಗೆ ಒಂದರಿಂದ ಎಣಿಸಿದ. ಎರಡನೆಯದನ್ನು ಎಳೆದ. ಅದು ಚೆನ್ನಾಗಿದ್ದ ಡಿಸ್ಕು. ಆ ಕ್ಷಣಕ್ಕೆ ಪೂರ್ತಿ ಸರ್ವರ್ ನಿಂತುಹೋಯಿತು. ಆ ಹುಡುಗನದೇನೂ ತಪ್ಪಿರಲಿಲ್ಲ, ಹೇಳಿದ ಕ್ರಮ ತಪ್ಪು. ಹಿಂದಿನ ರಾತ್ರಿಯ ಬ್ಯಾಕಪ್ ಇತ್ತು, ಅದರಿಂದ ಎಬ್ಬಿಸುವಾಗ ಬೆಳಗಾಯಿತು. ಆ ದಿನದ ಬಿಲ್ಲುಗಳನ್ನು ಅಂಗಡಿಯವರು ಕೂತು ಮತ್ತೆ ಬರೆದರು.

ಈ ಟ್ರೇ ನೋಡಿ. ಸರ್ವರಿನ ಮುಂಭಾಗದಲ್ಲಿ ಕೂರುವ ಡಿಸ್ಕಿನ ಟ್ರೇ ಇದು. ಹಿಡಿಕೆಯ ಮೇಲೆ ಒಂದು ಬಿಳಿ ಚೀಟಿ ಅಂಟಿಸಿದ್ದೇನೆ. ಅದರಲ್ಲಿ ಡಿಸ್ಕಿನ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರ ಇದೆ, ಅಷ್ಟೇ. ಈಗ ನಾನು "ನಂಬರ್ 2" ಅನ್ನುವುದೇ ಇಲ್ಲ. ಮೊದಲು ಇಲ್ಲಿಂದಲೇ ಕಮಾಂಡ್ ಕೊಟ್ಟು ಟ್ರೇಯ ದೀಪ ಮಿಣುಕಿಸುತ್ತೇನೆ. "ಮಿಣುಕುತ್ತಿರುವುದರ ಮೇಲಿನ ನಾಲ್ಕು ಅಕ್ಷರ ಓದಿ" ಅನ್ನುತ್ತೇನೆ. ಅವರು ಓದಿದ್ದು ನನ್ನ ಪಟ್ಟಿಗೆ ಹೊಂದಿದ ಮೇಲೆಯೇ ಎಳೆಯುವುದು. ಕೊಲೊಕೇಶನ್ ಮಾಡುವವರು ಪೆಟ್ಟಿಗೆ ಬಸ್ಸಿಗೆ ಹಾಕುವ ಮೊದಲೇ ಈ ಚೀಟಿ ಅಂಟಿಸಿ.

ಬಾಡಿಗೆ ಸರ್ವರಿನಲ್ಲಿ ಅಷ್ಟು ತಾಪತ್ರಯ ಇಲ್ಲ. ಟಿಕೆಟ್, ಅಂದರೆ ದೂರು ಹಾಕಿದರೆ ಅವರ ಡಿಸ್ಕು, ಅವರ ಖರ್ಚು, ಅವರೇ ಬದಲಾಯಿಸುತ್ತಾರೆ. ಮದರ್‌ಬೋರ್ಡೇ ಹೋದರೆ ಬೇರೆ ಪೆಟ್ಟಿಗೆ ಕೊಡುತ್ತಾರೆ. ಎಷ್ಟು ಗಂಟೆಯೊಳಗೆ ಅಂತ ಕರಾರಿನಲ್ಲಿ ಬರೆದಿದೆಯಾ ನೋಡಿಕೊಳ್ಳಿ. 99.9 ಪರ್ಸೆಂಟ್ ಅಪ್‌ಟೈಮ್ ಅಂತ ದೊಡ್ಡದಾಗಿ ಹಾಕಿರುತ್ತಾರೆ. ಅಷ್ಟಿದ್ದರೂ ವರ್ಷಕ್ಕೆ ಎಂಟೂಮುಕ್ಕಾಲು ಗಂಟೆ ನಿಲ್ಲಬಹುದು. ಜೊತೆಗೆ ಆ ಮಾತು ಹೆಚ್ಚಾಗಿ ಕರೆಂಟು ಮತ್ತು ನೆಟ್ಟಿನದ್ದು. ಪೆಟ್ಟಿಗೆಯೊಳಗಿನ ಡಿಸ್ಕಿಗೂ ಅನ್ವಯಿಸುತ್ತದೆಯಾ ಅಂತ ಬಾಯಿಬಿಟ್ಟು ಕೇಳಿ.

ಬಾಡಿಗೆಯ ತೊಂದರೆಯೂ ಉಂಟು. ಕಡಿಮೆ ದರ ಅಂತ ಯುರೋಪಿನಲ್ಲಿ ಬಾಡಿಗೆಗೆ ತೆಗೆಯುವವರು ನಮ್ಮಲ್ಲಿ ತುಂಬಾ ಜನ. 2021ರ ಅಕ್ಟೋಬರಿನಲ್ಲಿ ಕಾರ್ಡಿನ ಆಟೋ ಡೆಬಿಟ್‌ಗೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದಾಗ ಎಷ್ಟೋ ವಿದೇಶಿ ಪಾವತಿಗಳು ನಿಂತವು. ಆಗ 5,000 ರೂಪಾಯಿಗಿಂತ, 2022ರಿಂದ 15,000 ರೂಪಾಯಿಗಿಂತ ಜಾಸ್ತಿ ಇದ್ದರೆ ಪ್ರತಿ ಸಲ ಒಟಿಪಿ ಕೊಡಬೇಕು. ಕೊಡಲು ಮರೆತರೆ ಬಾಡಿಗೆ ಹೋಗುವುದಿಲ್ಲ, ಕೆಲವು ದಿನದಲ್ಲಿ ಸರ್ವರ್ ಸಸ್ಪೆಂಡ್. ಇನ್ನೂ ಬಿಟ್ಟರೆ ಡಿಸ್ಕು ಅಳಿಸಿ ಬೇರೆಯವರಿಗೆ ಕೊಡುತ್ತಾರೆ. ಸ್ವಂತ ಪೆಟ್ಟಿಗೆಯಾದರೆ ಜಗಳವಾದರೂ ಡಿಸ್ಕು ನಿಮ್ಮ ಸೊತ್ತು. ಜೊತೆಗೆ ದೂರ. ಇಲ್ಲಿಂದ ಯುರೋಪಿಗೆ ಹೋಗಿ ಬರಲು ನೂರಕ್ಕೂ ಹೆಚ್ಚು ಮಿಲಿಸೆಕೆಂಡು ಬೇಕು, ಬೆಂಗಳೂರು, ಮುಂಬಯಿಗೆ ಅದರ ಸಣ್ಣ ಪಾಲು. ಕೌಂಟರಿನಲ್ಲಿ ಕ್ಯೂ ನಿಂತಿರುವಾಗ ಬಿಲ್ ಮಾಡುವವರಿಗೆ ಅದು ಗೊತ್ತಾಗಿಯೇ ಆಗುತ್ತದೆ.

ಕೊಲೊಕೇಶನಿನಲ್ಲಿ ಹೊಸಬರು ಸಿಕ್ಕಿಬೀಳುವ ಜಾಗ ಕರೆಂಟು. ರ‍್ಯಾಕಿನ ಜಾಗವನ್ನು ಯು ಲೆಕ್ಕದಲ್ಲಿ ಕೊಡುತ್ತಾರೆ. ಒಂದು ಯು ಅಂದರೆ ಒಂದೂಮುಕ್ಕಾಲು ಇಂಚು ಎತ್ತರ, ಪೂರ್ತಿ ರ‍್ಯಾಕಿನಲ್ಲಿ ಸಾಮಾನ್ಯವಾಗಿ 42 ಯು. ಎಲ್ಲರೂ ಜಾಗದ ದರ ನೋಡುತ್ತಾರೆ. ಆದರೆ ಅಲ್ಲಿ ನಿಜವಾಗಿ ಮಾರುವುದು ಕರೆಂಟು ಮತ್ತು ತಂಪು. 1 ಆಂಪಿಯರ್ ಅಂದರೆ ನಮ್ಮ 230 ವೋಲ್ಟಿನಲ್ಲಿ 230 ವ್ಯಾಟ್. ನಿಮ್ಮ ಸರ್ವರ್ ಸುಮ್ನೆ ಇರುವಾಗ 120 ವ್ಯಾಟ್ ತೆಗೆಯಬಹುದು. ತಿಂಗಳ ಕೊನೆಯಲ್ಲಿ ಎಲ್ಲ ರಿಪೋರ್ಟು ಒಟ್ಟಿಗೆ ಓಡುವಾಗ 400 ದಾಟಬಹುದು. ಕರಾರಿನಲ್ಲಿ 1 ಆಂಪಿಯರ್ ಅಂತಿದ್ದರೆ ಹೆಚ್ಚುವರಿ ಬಿಲ್ ಬರುತ್ತದೆ, ಕೆಲವು ಕಡೆ ಬ್ರೇಕರೇ ಬೀಳುತ್ತದೆ. ಪ್ಲಗ್ಗಿಗೆ ಹಾಕುವ ವ್ಯಾಟ್ ಮೀಟರ್ ಅಂಗಡಿಯಲ್ಲಿ ಸಿಗುತ್ತದೆ. ಒಂದು ತಂದು, ಇಲ್ಲೇ ಒಂದು ದಿನ ಪೂರ್ತಿ ಹೊರೆ ಹಾಕಿ ಅಳೆಯಿರಿ. 200 ವ್ಯಾಟ್ ತೆಗೆಯುವ ಸರ್ವರ್ ತಿಂಗಳಿಗೆ 144 ಯೂನಿಟ್ ಸುಡುತ್ತದೆ, ಅದನ್ನು ತಣಿಸುವ ಎಸಿಯ ಕರೆಂಟು ಬೇರೆ.

ಬ್ಯಾಂಡ್‌ವಿಡ್ತ್ ಬಗ್ಗೆ ಒಂದೇ ಮಾತು. ನೆಟ್ಟಿನ ಬಳಕೆಗೆ 95 ಪರ್ಸೆಂಟೈಲ್ ಅಂತ ಬರೆದಿದ್ದರೆ ಹೆದರಬೇಡಿ. ಐದೈದು ನಿಮಿಷಕ್ಕೆ ಅಳೆದು, ಮೇಲಿನ ಐದು ಪರ್ಸೆಂಟ್ ಬಿಟ್ಟು ಬಿಲ್ ಮಾಡುತ್ತಾರೆ. ತಿಂಗಳಲ್ಲಿ ಒಟ್ಟು 36 ಗಂಟೆಯ ಏರಿಕೆ ಲೆಕ್ಕಕ್ಕೆ ಬರುವುದಿಲ್ಲ.

ಎರಡೂ ಬೇಡ, ನಮ್ಮ ಆಫೀಸಿನಲ್ಲೇ ಇಡುತ್ತೇವೆ ಅನ್ನುವವರೂ ಇದ್ದಾರೆ. ಕಡಲ ಹತ್ತಿರದ ಒಂದು ಆಫೀಸಿನ ಸರ್ವರನ್ನು ನಾನು ಬಿಚ್ಚಿದ್ದೆ. ಕಿಟಕಿಯ ಪಕ್ಕ ಇಟ್ಟಿದ್ದರು, ಸಂಜೆ ಎಸಿ ಆಫ್ ಮಾಡಿ ಕಿಟಕಿ ತೆರೆಯುವುದು ರೂಢಿ. ಮುಚ್ಚಳದ ಸ್ಕ್ರೂಗಳಲ್ಲಿ ಕೆಂಪು ತುಕ್ಕು. ಪ್ರೊಸೆಸರ್ ಮೇಲಿನ ಅಲ್ಯೂಮಿನಿಯಂ ಹೀಟ್‌ಸಿಂಕಿನ ಎಲೆಗಳ ನಡುವೆ ಬಿಳಿ ಹುಡಿ, ಬೆರಳಿಗೆ ಸುಣ್ಣದ ಹಾಗೆ ಅಂಟಿತು. ಉಪ್ಪುಗಾಳಿ ಮಾಡುವ ಕೆಲಸ ಅದು. ಮೇ ತಿಂಗಳ ಸಿಡಿಲು ಬೇರೆ. ಬ್ಯಾಕಪ್ಪಿನ ಒಂದು ಪ್ರತಿ ಇಡಲು ಆಫೀಸು ಒಳ್ಳೆಯ ಜಾಗ, ಗ್ರಾಹಕರ ದಿನದ ಕೆಲಸ ಓಡಿಸಲು ಅಲ್ಲ.

ಹಾಗಾದರೆ ಕೊಲೊಕೇಶನ್ ಯಾರಿಗೆ? ಡಿಸ್ಕಿನ ಜಾಗ ತುಂಬಾ ಬೇಕಾದವರಿಗೆ. ಸ್ಕ್ಯಾನ್ ಚಿತ್ರ ಇಡುವ ನಮ್ಮ ಒಬ್ಬ ಗ್ರಾಹಕರಿಗೆ ನಾನೇ ಒತ್ತಾಯ ಮಾಡಿ ಕೊಲೊಕೇಶನ್ ಮಾಡಿಸಿದೆ. ಒಂದು ಸಿ.ಟಿ. ಸ್ಕ್ಯಾನ್ ಅಂದರೆ ನೂರಾರು ಚಿತ್ರ. ಅಳಿಸುವ ಹಾಗಿಲ್ಲ, ವರ್ಷ ವರ್ಷ ಬೆಳೆಯುತ್ತಲೇ ಹೋಗುತ್ತದೆ. ಎರಡು ಯು ಪೆಟ್ಟಿಗೆಯಲ್ಲಿ 12 ದೊಡ್ಡ ಡಿಸ್ಕು ಹಿಡಿಯುತ್ತದೆ. 16 ಟೆರಾಬೈಟಿನದ್ದು ಹಾಕಿದರೆ 192 ಟೆರಾಬೈಟ್. ಅಷ್ಟನ್ನು ತಿಂಗಳ ಬಾಡಿಗೆಗೆ ಕೇಳಿದಾಗ ಬಂದ ಸಂಖ್ಯೆಯ ಮುಂದೆ ಡಿಸ್ಕು ಕೊಳ್ಳುವುದೇ ಲೇಸಾಯಿತು. ಮೂರು ನಾಲ್ಕು ಸರ್ವರ್ ಇರುವವರಿಗೂ ಲೆಕ್ಕ ಕೂಡುತ್ತದೆ, ಒಂದೇ ಜೊತೆ ಬಿಡಿಭಾಗ ಎಲ್ಲದಕ್ಕೂ ಸಾಕು.

ಆದರೆ ಬೆಂಗಳೂರಿನಲ್ಲಿ ನಿಮ್ಮ ಕಡೆಯ ಒಬ್ಬರು ಇರಲೇಬೇಕು. ಸ್ಕ್ರೂಡ್ರೈವರ್ ಹಿಡಿಯಲು ಗೊತ್ತಿರುವವರು, ರಾತ್ರಿ ಫೋನ್ ಎತ್ತುವವರು. ಅವರ ಹೆಸರನ್ನು ಡೇಟಾ ಸೆಂಟರಿನ ಪ್ರವೇಶ ಪಟ್ಟಿಗೆ ಮೊದಲೇ ಸೇರಿಸಿ. ಇಲ್ಲದಿದ್ದರೆ ಗೇಟಿನಲ್ಲೇ ನಿಲ್ಲಿಸುತ್ತಾರೆ, ನಿಲ್ಲಿಸಬೇಕಾದದ್ದೇ. ಒಂದು ಡಿಸ್ಕು, ಒಂದು ಪವರ್ ಸಪ್ಲೈ, ಒಂದು ರ‍್ಯಾಮ್ ಅವರ ಮನೆಯಲ್ಲಿ ಇರಲಿ. ದೂರದಿಂದ ಆಫ್ ಆನ್ ಮಾಡುವ ಐಪಿಎಂಐ ಇರುವ ಸರ್ವರನ್ನೇ ಕೊಳ್ಳಿ. ಅದನ್ನು ನೇರವಾಗಿ ಇಂಟರ್ನೆಟ್ಟಿಗೆ ತೆರೆದಿಡಬೇಡಿ, ವಿಪಿಎನ್ ಅನ್ನುವ ಖಾಸಗಿ ದಾರಿಯ ಹಿಂದೆ ಇರಲಿ.

ಬೆಂಕಿಯ ವಿಷಯವನ್ನೂ ಹೇಳಿಬಿಡುತ್ತೇನೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಒವಿಎಚ್ ಕಂಪೆನಿಯ ಐದು ಮಹಡಿಯ ಡೇಟಾ ಸೆಂಟರ್ ಸುಟ್ಟುಹೋಯಿತು. ಬೇರೆ ಕಡೆ ಬ್ಯಾಕಪ್ ಇಲ್ಲದವರ ಡೇಟಾ ಹೋದದ್ದು ಹೋಯಿತು. ಅಂಥ ಕಡೆ ಪೆಟ್ಟಿಗೆಯೂ ನಿಮ್ಮದೇ ಆಗಿದ್ದರೆ ಅದರ ದುಡ್ಡೂ ಹೋಗುತ್ತದೆ. ಕೊಲೊಕೇಶನ್ ಕರಾರಿನಲ್ಲಿ ಸಾಮಾನ್ಯವಾಗಿ ಉಪಕರಣದ ವಿಮೆ ನಿಮ್ಮದೇ ಜವಾಬ್ದಾರಿ ಅಂತ ಇರುತ್ತದೆ. ಓದಿ, ವಿಮೆ ಮಾಡಿಸಿ.

ಇಲ್ಲಿರುವ ಹೆಚ್ಚಿನವರದ್ದು ಒಂದೋ ಎರಡೋ ಸರ್ವರಿನ ಕೆಲಸ ಅಂತ ಗೊತ್ತು. ನಿಮಗೆ ನನ್ನ ಸಲಹೆ: ಭಾರತದಲ್ಲೇ ಇರುವ ಸರ್ವರನ್ನು ಬಾಡಿಗೆಗೆ ತೆಗೆಯಿರಿ, ಬ್ಯಾಕಪ್ ಬೇರೆ ಊರಿನಲ್ಲಿಡಿ. ಎರಡು ವರ್ಷ ಆದ ಮೇಲೆ ಡಿಸ್ಕು ಎಷ್ಟು ತುಂಬಿದೆ, ಎಷ್ಟು ಸಲ ಏನು ಕೆಟ್ಟಿತು ಅಂತ ನಿಮ್ಮದೇ ಪಟ್ಟಿ ಕೈಯಲ್ಲಿರುತ್ತದೆ. ಆಗ ಈ ಲೆಕ್ಕಕ್ಕೆ ಮತ್ತೆ ಕೂರೋಣ.

ಟ್ರೇಯನ್ನು ಹಿಂದಿನ ಸಾಲಿನ ತನಕ ಕಳಿಸುತ್ತೇನೆ, ಕೈಯಲ್ಲಿ ಹಿಡಿದು ನೋಡಿ. ಕೊಟೇಶನ್ ತಂದವರು ಮುಂದೆ ಬನ್ನಿ, ಒಟ್ಟಿಗೆ ಓದೋಣ.