ಬಲಗಾಲಿನಿಂದ ಬಾಯಿಗೆ: ಪಿ.ಕೆ. ಬ್ಯಾನರ್ಜಿ ಕೋಚ್ ಆದ ಬಗೆ

ಚಿಕ್ಕಮಗಳೂರಿನ ಹಿರಿಯರೇ, ಗೆಳೆಯರೇ, ಕೆಸರು ಮೆತ್ತಿದ ಶೂಗಳಲ್ಲೇ ಮುಂದಿನ ಸಾಲಿಗೆ ಬಂದು ಕುಳಿತಿರುವ ಹುಡುಗರೇ,

ಫುಟ್‌ಬಾಲ್ ಕೋಚ್‌ಗಳ ಬಗ್ಗೆ ಮಾತನಾಡಿ ಎಂದು ಕರೆದಾಗ ನನಗೆ ಮೊದಲು ನೆನಪಾದದ್ದು ನನ್ನದೇ ಪೆದ್ದುತನ. ಆಡುವುದನ್ನು ಬಿಟ್ಟು ಪಿ.ಟಿ. ಮೇಷ್ಟ್ರಾದ ಮೊದಲ ವರ್ಷ. ಆಷಾಢದ ಮಳೆ, ಮೈದಾನವೋ ನಾಟಿಗೆ ಹದವಾದ ಗದ್ದೆ. ಗೆರೆಯಾಚೆ ಕೊಡೆ ಹಿಡಿದು ನಿಂತು ನಾನು ‘ಎಡಕ್ಕೆ, ಎಡಕ್ಕೆ’ ಎಂದು ಒಂದೇ ಸಮನೆ ಅರಚುತ್ತಿದ್ದೆ. ತೋಟದ ಲೈನ್ ಮನೆಯಿಂದ ಬರುತ್ತಿದ್ದ ನಮ್ಮ ಡಿಫೆಂಡರ್ ಬಹಳ ವಿಧೇಯ ಹುಡುಗ. ಚೆಂಡನ್ನು ಬಿಟ್ಟು ನನ್ನತ್ತ ತಿರುಗಿ, ‘ಯಾರ ಎಡಕ್ಕೆ ಸಾರ್?’ ಎಂದು ಕೇಳಿದ. ಅಷ್ಟರಲ್ಲಿ ಚೆಂಡು ನಮ್ಮ ಬಲೆಯೊಳಗಿತ್ತು.

ಆಡಿದವನು ಆಡಿಸಲು ನಿಂತಾಗ ಆಗುವ ಅವಾಂತರ ಇದೇ. ತನ್ನ ಕಾಲಿಗೆ ಗೊತ್ತಿರುವುದನ್ನು ಗಂಟಲಿನ ಮೂಲಕ ಇನ್ನೊಬ್ಬರ ಕಾಲಿಗೆ ದಾಟಿಸಲು ಹೋಗುತ್ತಾನೆ. ಈ ಹೊಳೆಯನ್ನು ಚೆನ್ನಾಗಿ ದಾಟಿದವರು ಪ್ರದೀಪ್ ಕುಮಾರ್ ಬ್ಯಾನರ್ಜಿ. ಎಲ್ಲರ ಬಾಯಲ್ಲಿ ಪಿ.ಕೆ.

1936ರಲ್ಲಿ ಜಲ್ಪಾಯ್‌ಗುಡಿಯಲ್ಲಿ ಹುಟ್ಟಿ ಜಮ್‌ಶೆಡ್‌ಪುರದಲ್ಲಿ ಬೆಳೆದರು. ಅವರನ್ನು ವೃತ್ತಿಪರ ಆಟಗಾರ ಎನ್ನುವಾಗ ಸ್ವಲ್ಪ ತಡೆಯಬೇಕು. ಆ ಕಾಲದಲ್ಲಿ ಕಾಗದದ ಮೇಲೆ ಎಲ್ಲರೂ ಹವ್ಯಾಸಿಗಳೇ, ಪಿ.ಕೆ.ಗೆ ಅನ್ನ ಕೊಟ್ಟದ್ದು ರೈಲ್ವೆ ನೌಕರಿ. ಕಲ್ಕತ್ತೆಯ ದೊಡ್ಡ ಕ್ಲಬ್‌ಗಳಿಗೆ ಹೋಗದೆ ಈಸ್ಟರ್ನ್ ರೈಲ್ವೆ ತಂಡದಲ್ಲೇ ಉಳಿದರು. 1958ರಲ್ಲಿ ಆ ತಂಡವೇ ಕಲ್ಕತ್ತಾ ಲೀಗ್ ಗೆದ್ದಿತು. ಬಲ ವಿಂಗ್‌ನಲ್ಲಿ ಅವರ ಓಟ, ಬಲಗಾಲಿನ ಹೊಡೆತ ಎರಡೂ ಹೆಸರುವಾಸಿ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೆಯ ಸ್ಥಾನ ಪಡೆದಾಗ ತಂಡದಲ್ಲಿದ್ದರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ನಾಯಕರಾಗಿ ಫ್ರಾನ್ಸ್ ವಿರುದ್ಧ ಗೋಲು ಹೊಡೆದರು; ಪಂದ್ಯ 1–1ರಲ್ಲಿ ಮುಗಿಯಿತು. ಎರಡೂ ತಂಡಗಳಲ್ಲಿ ನಮ್ಮ ಬೆಂಗಳೂರಿನ ಕೆಂಪಯ್ಯನವರೂ ಇದ್ದರು ಎಂಬುದನ್ನು ಹೇಳದೆ ಮುಂದೆ ಹೋದರೆ ನನಗೆ ಸಮಾಧಾನವಿಲ್ಲ.

ಪಿ.ಕೆ. ಕೋಚ್ ಆದದ್ದು 1972ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದಾಗ ಎಂದು ಬರೆಯುತ್ತಾರೆ. ನನಗೆ ಅದು ಹತ್ತು ವರ್ಷ ಮೊದಲೇ, ಜಕಾರ್ತದಲ್ಲೇ ಶುರುವಾಯಿತು ಎನ್ನಿಸುತ್ತದೆ. 1962ರ ಏಷ್ಯನ್ ಕ್ರೀಡಾಕೂಟದ ಫೈನಲ್. ಎದುರಿಗೆ ದಕ್ಷಿಣ ಕೊರಿಯಾ, ಕ್ರೀಡಾಂಗಣದ ತುಂಬ ಭಾರತದ ಮೇಲೆ ಸಿಟ್ಟಾಗಿದ್ದ ಜನ. ಡಿಫೆಂಡರ್ ಜರ್ನೈಲ್ ಸಿಂಗ್ ಅವರ ತಲೆಗೆ ಏಟಾಗಿ ಹೊಲಿಗೆ ಬಿದ್ದಿತ್ತು. ಕೋಚ್ ಸೈಯದ್ ಅಬ್ದುಲ್ ರಹೀಮ್, ಜರ್ನೈಲ್ ಅವರನ್ನು ಕೂರಿಸಲಿಲ್ಲ, ಮುಂದಿನ ಸಾಲಿಗೆ ಕಳಿಸಿದರು. ಪಿ.ಕೆ. ಒಂದು, ಜರ್ನೈಲ್ ಒಂದು, 2–1, ಚಿನ್ನ. ರಹೀಮ್ ಮೂಲತಃ ಹೈದರಾಬಾದಿನ ಶಾಲಾ ಮೇಷ್ಟ್ರು. ಆಗಲೇ ಕ್ಯಾನ್ಸರ್ ಅವರನ್ನು ತಿನ್ನುತ್ತಿತ್ತು. ಮರು ವರ್ಷ ತೀರಿಕೊಂಡರು. ಯಾರಿಗೆ ಯಾವ ಮಾತು, ಯಾವಾಗ ಎಂಬ ಲೆಕ್ಕವನ್ನು ಪಿ.ಕೆ. ಕಲಿತದ್ದು ಈ ಮೇಷ್ಟ್ರಿಂದಲೇ ಇರಬೇಕು ಎಂಬುದು ನನ್ನ ಊಹೆ.

ಆ ಮಾತಿಗೆ ಕಲ್ಕತ್ತೆಯವರು ‘ವೋಕಲ್ ಟಾನಿಕ್’ ಎಂದು ಹೆಸರಿಟ್ಟರು. ಪಂದ್ಯಕ್ಕೆ ಮೊದಲು ಡ್ರೆಸ್ಸಿಂಗ್ ರೂಮಿನಲ್ಲಿ ಕುಡಿಸುವ ಮದ್ದು. 1975ರಲ್ಲಿ ಕಲ್ಕತ್ತೆಯ ಹಳೆಯ ಪಂದ್ಯಾವಳಿ ಐಎಫ್‌ಎ ಶೀಲ್ಡ್‌ನ ಫೈನಲ್‌ನಲ್ಲಿ ಅವರ ಈಸ್ಟ್ ಬೆಂಗಾಲ್, ಅದೇ ಊರಿನ ಬದ್ಧ ಎದುರಾಳಿ ಮೋಹನ್ ಬಾಗಾನ್ ತಂಡವನ್ನು 5–0 ಬಡಿಯಿತು. ಮುಂದಿನ ವರ್ಷವೇ ಸೋತ ಆ ಮನೆಗೆ ಅವರು ಕೋಚ್! 1977ರಲ್ಲಿ ಪೆಲೆ ಇದ್ದ ನ್ಯೂಯಾರ್ಕ್ ಕಾಸ್ಮೋಸ್ ತಂಡ ಈಡನ್ ಗಾರ್ಡನ್ಸ್‌ಗೆ ಬಂದಾಗ ಅವರ ಹುಡುಗರು 2–2 ಮಾಡಿ ಕಳಿಸಿದರು. ಆ ತಂಡದಲ್ಲಿ ಅವರ ಸ್ವಂತ ತಮ್ಮ ಪ್ರಸೂನ್ ಕೂಡ ಇದ್ದ. ತಮ್ಮನಿಗೆ ಕೋಚ್ ಆಗುವುದು ಪೆಲೆಯನ್ನು ತಡೆಯುವುದಕ್ಕಿಂತ ಕಷ್ಟ. ಕೂಡು ಕುಟುಂಬದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನಗೆ ಅತಿ ಇಷ್ಟವಾದ ಪ್ರಸಂಗ 1997ರದು. ಫೆಡರೇಷನ್ ಕಪ್ ಸೆಮಿಫೈನಲ್, ಸಾಲ್ಟ್ ಲೇಕ್ ಕ್ರೀಡಾಂಗಣ, 1,31,000 ಜನ. ಆ ಹೊತ್ತಿಗೆ ಪಿ.ಕೆ.ಗೆ ಅರವತ್ತೊಂದು, ಮತ್ತೆ ಈಸ್ಟ್ ಬೆಂಗಾಲ್ ಪಾಳಯ. ಮೋಹನ್ ಬಾಗಾನ್‌ನ ಕೋಚ್ ಅಮಲ್ ದತ್ತ, ಆಟಗಾರರನ್ನು ವಜ್ರದಾಕಾರದಲ್ಲಿ ನಿಲ್ಲಿಸುವ ‘ಡೈಮಂಡ್’ ವ್ಯೂಹ ಕಟ್ಟಿ ಎಲ್ಲರನ್ನೂ ಸೋಲಿಸುತ್ತ ಬಂದಿದ್ದರು. ಗೆಲುವು ನಾಲಿಗೆಯನ್ನೂ ಸಡಿಲ ಮಾಡುತ್ತದೆ. ಎದುರು ತಂಡದವರ ಹೆಸರುಗಳನ್ನೇ ಗೇಲಿ ಮಾಡಿದರು. ಸೋಸೋ ಎಂಬ ಆಟಗಾರ ಅವರ ಬಾಯಲ್ಲಿ ‘ಶೋಶಾ’ ಆದ. ಬಂಗಾಳಿಯಲ್ಲಿ ಶೋಶಾ ಎಂದರೆ ಸೌತೆಕಾಯಿ. ಪಿ.ಕೆ.ಗೆ ಬೇಕಾದ ಟಾನಿಕ್ಕನ್ನು ಎದುರಾಳಿಯೇ ಅರೆದುಕೊಟ್ಟಂತಾಯಿತು. ಈಸ್ಟ್ ಬೆಂಗಾಲ್ 4–1, ಅದರಲ್ಲಿ ಮೂರು ಭೈಚುಂಗ್ ಭುಟಿಯಾ ಅವರವು. ವ್ಯೂಹವಾಗಿ ಡೈಮಂಡ್ ಕೆಟ್ಟದ್ದೇನಲ್ಲ. ಅಮಲ್ ದತ್ತರ ತಲೆ ಅವರ ಕಾಲಕ್ಕಿಂತ ಮುಂದಿತ್ತು ಎಂದು ನಾನು ಈಗಲೂ ವಾದಿಸುತ್ತೇನೆ.

ಟಾನಿಕ್ ಹಿಡಿಯದ ದಿನಗಳೂ ಇದ್ದವು. 1982ರ ದೆಹಲಿ ಏಷ್ಯಾಡ್‌ನಲ್ಲಿ ಅವರು ಭಾರತದ ಕೋಚ್; ಕ್ವಾರ್ಟರ್ ಫೈನಲ್‌ನಲ್ಲಿ ಸೌದಿ ಅರೇಬಿಯಾ ಎದುರು 0–1 ಸೋಲು. 2020ರ ಮಾರ್ಚ್‌ನಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳು ಗೆಲುವುಗಳನ್ನೇ ಎಣಿಸಿದವು, ಅದು ಸಹಜ.

ಅಂದಿನ ನಮ್ಮ ಡಿಫೆಂಡರ್ ಈಗ ಮೂಡಿಗೆರೆ ಕಡೆ ಜೀಪು ಓಡಿಸುತ್ತಾನೆ. ಕಳೆದ ತಿಂಗಳು ಸಿಕ್ಕಿದ್ದ. ಆ ಗೋಲಿನ ಬಳಿಕ, ವಿರಾಮದಲ್ಲಿ, ಪಿ.ಕೆ.ಯವರನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ದೊಡ್ಡ ಭಾಷಣವನ್ನೇ ಮಾಡಿದ್ದೆ. ಅದರಲ್ಲಿ ಏನಾದರೂ ನೆನಪಿದೆಯೇನಪ್ಪಾ ಎಂದು ಆಸೆಯಿಂದ ಕೇಳಿದೆ. ಅವನು ಬಹಳ ಹೊತ್ತು ಯೋಚಿಸಿದ.

‘ಕಿತ್ತಳೆ ಹಣ್ಣು ಕೊಟ್ಟಿದ್ದಿರಿ ಸಾರ್,’ ಎಂದ. ‘ಸ್ವಲ್ಪ ಹುಳಿಯಿತ್ತು.’