ಟ್ರಂಕಿನಿಂದ ಮಗುವಿನ ಕೈಗೆ: ಓದು, ಲೆಕ್ಕ ಮತ್ತು ಚರಿತ್ರೆಯ ಕಲಿಕೋಪಕರಣಗಳು

(ಪ್ರಾಥಮಿಕ ಶಾಲಾ ಶಿಕ್ಷಕರ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸ)

ಸಭೆಯ ಅಧ್ಯಕ್ಷರಿಗೂ, ಶಿಕ್ಷಕ ಬಂಧುಗಳಿಗೂ, ಡಿ.ಎಲ್.ಇಡಿ. ಶಿಕ್ಷಕ ತರಬೇತಿಯ ವಿದ್ಯಾರ್ಥಿಗಳಿಗೂ ನನ್ನ ನಮಸ್ಕಾರಗಳು.

ನಾನು ಶಿಕ್ಷಕಿಯಾಗಿ ಮೊದಲು ಸೇರಿದ ಶಾಲೆಯಲ್ಲಿ ಮುಖ್ಯಶಿಕ್ಷಕರ ಕುರ್ಚಿಯ ಹಿಂದೆ ಒಂದು ತಗಡಿನ ಟ್ರಂಕ್ ಇತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೇ, 1987ರಲ್ಲಿ ಆರಂಭವಾದ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಯೋಜನೆಯಲ್ಲಿ ಬಂದ ಸಾಮಾನುಗಳು ಅದರೊಳಗಿದ್ದವು: ಗೋಳ, ನಕ್ಷೆಗಳು, ಗಣಿತದ ಪೆಟ್ಟಿಗೆ, ಒಂದಿಷ್ಟು ಆಟಿಕೆ. ಆ ಟ್ರಂಕಿನ ಬೀಗವನ್ನು ತೆರೆಯುತ್ತಿದ್ದುದು ತಪಾಸಣೆಗೆ ಮೇಲಧಿಕಾರಿಗಳು ಬಂದಾಗ ಮತ್ತು ಆಯುಧಪೂಜೆಯ ದಿನ ಮಾತ್ರ. ನಮ್ಮ ಮುಖ್ಯಶಿಕ್ಷಕರು ಮಕ್ಕಳ ವಿಷಯದಲ್ಲಿ ಅಕ್ಕರೆ ಇಲ್ಲದವರೇನಲ್ಲ. ಆದರೆ ಒಳಗಿದ್ದ ಪ್ರತಿಯೊಂದು ವಸ್ತುವೂ ದಾಸ್ತಾನು ವಹಿಯಲ್ಲಿ ದಾಖಲಾಗಿತ್ತು. ಒಂದು ಮಣಿ ಕಳೆದರೂ ವರ್ಗಾವಣೆಯಾಗಿ ಚಾರ್ಜ್ ಕೊಡುವ ದಿನ ಅದಕ್ಕೆ ಅವರೇ ಉತ್ತರ ಹೇಳಬೇಕಾಗಿತ್ತು. ಹೀಗಾಗಿ ಮಕ್ಕಳಿಗೆಂದು ಬಂದ ವಸ್ತುಗಳನ್ನು ಮಕ್ಕಳಿಂದಲೇ ಕಾಪಾಡುವುದು ಅವರ ಕರ್ತವ್ಯವಾಗಿಬಿಟ್ಟಿತ್ತು.

ಆ ದಿನಗಳಲ್ಲಿ ನಾವು ಇವನ್ನು ‘ಪಾಠೋಪಕರಣ’ ಎನ್ನುತ್ತಿದ್ದೆವು. ಈಗ ‘ಕಲಿಕೋಪಕರಣ’ ಎನ್ನುತ್ತೇವೆ. ಹೆಸರು ಬದಲಾದಷ್ಟು ಸುಲಭವಾಗಿ ಉಪಕರಣವು ಶಿಕ್ಷಕರ ಕೈಯಿಂದ ಮಗುವಿನ ಕೈಗೆ ದಾಟಿಲ್ಲ. ಇಂದು ನಾನು ಎರಡೇ ಪ್ರಶ್ನೆಗಳನ್ನು ಹಿಡಿದುಕೊಂಡು ಮಾತನಾಡುತ್ತೇನೆ. ಒಂದು, ಉಪಕರಣ ಯಾರ ಕೈಯಲ್ಲಿದೆ? ಇನ್ನೊಂದು, ಅದನ್ನು ಮಗುವಿನ ಕೈಯಿಂದ ಯಾವಾಗ ಹಿಂದಕ್ಕೆ ತೆಗೆದುಕೊಳ್ಳಬೇಕು? ಎರಡನೆಯದನ್ನು ನಾವು ಕೇಳಿಕೊಳ್ಳುವುದು ತೀರ ಕಡಿಮೆ.

ಮೊದಲು ಓದು ಬರಹ. ನಮ್ಮ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದರು. ಆ ಶಾಲೆಗಳಲ್ಲಿ ಶಿಕ್ಷೆ ಕಠಿಣವಾಗಿತ್ತು, ಬಾಯಿಪಾಠ ವಿಪರೀತವಾಗಿತ್ತು, ಎಲ್ಲರಿಗೂ ಅಲ್ಲಿ ಪ್ರವೇಶವೂ ಇರಲಿಲ್ಲ. ಅವನ್ನು ನಾನು ಹೊಗಳುತ್ತಿಲ್ಲ. ಆದರೆ ಮರಳು ಒಳ್ಳೆಯ ಉಪಕರಣ ಎಂಬ ಮಾತನ್ನು ಹೇಳಲೇಬೇಕು, ಏಕೆಂದರೆ ಅದು ಮಗುವಿನ ಬೆರಳಿಗೇ ಸಿಗುತ್ತದೆ ಮತ್ತು ತಪ್ಪನ್ನು ಒಂದೇ ಸವರಿಗೆ ಅಳಿಸಿಬಿಡುತ್ತದೆ.

ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಿಗೆಂದು ಮಾಡಿದ ಚಾರ್ಟುಗಳ ಮಾದರಿಯನ್ನೇ ಕನ್ನಡಕ್ಕೂ ಇಳಿಸಿಕೊಂಡಿದ್ದು ನಮ್ಮ ತರಗತಿಗಳಿಗೆ ಆದ ದೊಡ್ಡ ನಷ್ಟವೆಂದು ನಾನು ತಿಳಿದಿದ್ದೇನೆ. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರಗಳಿವೆ ನಿಜ. ಆದರೆ ಮಗು ಪುಸ್ತಕ ತೆರೆದಾಗ ಎದುರಾಗುವುದು ಬರೀ 49 ಆಕಾರಗಳಲ್ಲ. 34 ವ್ಯಂಜನಗಳ ಕಾಗುಣಿತವೇ ನಾಲ್ಕು ನೂರು ದಾಟುತ್ತದೆ, ಅದರ ಮೇಲೆ ಒತ್ತಕ್ಷರಗಳಿವೆ. ಕನ್ನಡ ಮಕ್ಕಳ ಓದಿನ ಕುರಿತು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಅಕ್ಷರಜ್ಞಾನ ಪೂರ್ಣವಾಗಿ ಕೈಗೂಡಲು ಪ್ರಾಥಮಿಕ ಶಾಲೆಯ ಹಲವು ವರ್ಷಗಳೇ ಬೇಕಾಗುತ್ತವೆ ಎಂಬುದನ್ನು ತೋರಿಸಿತು. ಒಂದನೆಯ ತರಗತಿಯ ಗೋಡೆಯ ಮೇಲೆ ‘ಆ ಆನೆ, ಇ ಇಲಿ’ ಚಾರ್ಟ್ ತೂಗುಹಾಕಿ, ಅಕ್ಷರ ಕಲಿಸಿ ಮುಗಿಯಿತೆಂದು ಎರಡನೆಯ ತರಗತಿಯಲ್ಲಿ ಬರಿಗೈಯಲ್ಲಿ ನಿಲ್ಲುವಂತಿಲ್ಲ.

ಆ ಚಾರ್ಟಿನಲ್ಲಿ ಇನ್ನೊಂದು ತೊಡಕಿದೆ. ‘ಇ’ ಅಕ್ಷರ ತೋರಿಸಿದರೆ ‘ಇಲಿ’ ಎಂದು ಸ್ಪಷ್ಟವಾಗಿ ಹೇಳುವ ಮಗುವಿನ ಮುಂದೆ ಚಿತ್ರವನ್ನು ಕೈಯಿಂದ ಮುಚ್ಚಿ ನೋಡಿ. ಹಲವು ಮಕ್ಕಳು ಸುಮ್ಮನಾಗುತ್ತಾರೆ. ಅವರು ಓದುತ್ತಿದ್ದುದು ಚಿತ್ರವನ್ನು, ಅಕ್ಷರವನ್ನಲ್ಲ. ಆದ್ದರಿಂದ ಮಿಂಚುಪಟ್ಟಿ (ಫ್ಲ್ಯಾಶ್ ಕಾರ್ಡ್) ಮಾಡುವಾಗ ಒಂದು ಬದಿಗೆ ಚಿತ್ರ ಮತ್ತು ಪದ, ಇನ್ನೊಂದು ಬದಿಗೆ ಪದ ಮಾತ್ರ ಇರಲಿ. ಕೆಲವು ದಿನಗಳ ನಂತರ ಚಿತ್ರದ ಬದಿ ಕೆಳಮುಖವಾಗಲಿ. ಪಟ್ಟಿಯನ್ನು ತಿರುವಿ ನೋಡಿ ತನ್ನ ಉತ್ತರ ಸರಿಯೇ ಎಂದು ಮಗುವೇ ಪರೀಕ್ಷಿಸಿಕೊಳ್ಳಲಿ.

ಈ ವಿಚಾರದಲ್ಲಿ ನಮ್ಮ ರಾಜ್ಯಕ್ಕೆ ಒಂದು ಸ್ವಂತ ಅನುಭವವಿದೆ. 1995ರಲ್ಲಿ ಯುನಿಸೆಫ್ ನೆರವಿನಿಂದ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ, ಮಕ್ಕಳು ಕಾರ್ಡುಗಳ ನೆರವಿನಿಂದ ನಲಿಯುತ್ತ ಕಲಿಯುವ ‘ನಲಿ-ಕಲಿ’ ಪದ್ಧತಿಯನ್ನು ನೀವೆಲ್ಲರೂ ಬಲ್ಲಿರಿ. ಆಂಧ್ರಪ್ರದೇಶದ ಋಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ನಮ್ಮ ಶಿಕ್ಷಕರೇ ಕುಳಿತು ಕಾರ್ಡುಗಳನ್ನು ರಚಿಸಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಿಗೆಲ್ಲ ವಿಸ್ತರಿಸಿತು. ಅದರಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಅಕ್ಷರಗಳ ಕ್ರಮ. ವರ್ಣಮಾಲೆಯ ಸಾಲನ್ನು ಬದಿಗಿಟ್ಟು ‘ರ, ಗ, ಸ, ದ, ಅ’ ಎಂಬ ಐದು ಅಕ್ಷರಗಳಿಂದ ಅದು ಆರಂಭವಾಗುತ್ತದೆ. ಬರೆಯಲು ತೊಡಕಿಲ್ಲದ ಈ ಐದನ್ನು ಕಲಿತ ಮಗು ಕೆಲವೇ ದಿನಗಳಲ್ಲಿ ಸರ, ದರ, ಅರಸ, ಗರಗಸ ಎಂಬ ಪದಗಳನ್ನು ತಾನೇ ಜೋಡಿಸಿ ಓದುತ್ತದೆ. ವರ್ಣಮಾಲೆಯ ಕ್ರಮದಲ್ಲೇ ಹೋದರೆ ಹದಿಮೂರು ಸ್ವರಗಳನ್ನು ಬರೆದು ಮುಗಿಸಿದ ಮಗುವಿಗೂ ಓದಲು ಒಂದು ಒಳ್ಳೆಯ ಪದ ಸಿಗುವುದು ಕಷ್ಟ. ಕಾರ್ಡುಗಳ ಮೇಲಿನ ಚಿಹ್ನೆ ನೋಡಿ, ಓದು ಬಾರದ ಮಗುವೂ ತನ್ನ ಕಾರ್ಡನ್ನು ತಾನೇ ಹುಡುಕಿ ತರಬಹುದು ಎಂಬುದು ಇನ್ನೊಂದು ದೊಡ್ಡ ಗುಣ. ಆದರೆ ಕಾರ್ಡು ಹರಿದಾಗ, ಕಳೆದಾಗ, ಮೇಲಿನಿಂದ ಹೊಸ ಕಂತು ಬರಲೆಂದು ಕಾಯುತ್ತ ಕೂರುವ ಅಭ್ಯಾಸ ನಮ್ಮಲ್ಲಿ ಬೆಳೆದುಬಿಟ್ಟಿದೆ. ಮೊದಲ ಕಾರ್ಡುಗಳನ್ನು ಮಾಡಿದವರು ನಮ್ಮಂಥ ಶಿಕ್ಷಕರೇ ಎಂಬುದನ್ನು ನಾವು ಮರೆಯಬಾರದು.

ಕಾಗುಣಿತಕ್ಕೆ ಬರೋಣ. ‘ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ’ ಎಂದು ರಾಗವಾಗಿ ಹೇಳಿಸುವುದು ಚೆನ್ನ. ಆದರೆ ರಾಗ ಕೈಹಿಡಿದು ನಡೆಸುತ್ತಿರುವಾಗ ಕಣ್ಣು ಎಲ್ಲಿದೆ ಎಂಬುದು ನಮಗೆ ತಿಳಿಯುವುದಿಲ್ಲ. ಕೆಲವರು ಪಾರದರ್ಶಕ ಹಾಳೆಯ ಮೇಲೆ ಕೊಂಬು, ಇಳಿ, ಗುಡಿಸು ಬರೆದು ಮೂಲಾಕ್ಷರದ ಮೇಲೆ ಇಡಿಸುತ್ತಾರೆ. ಒಳ್ಳೆಯ ಯೋಚನೆಯೇ, ಆದರೆ ಜಾಗ್ರತೆ ಬೇಕು. ಗುಡಿಸು ಬಂದಾಗ ತಲೆಕಟ್ಟು ಇರುವುದಿಲ್ಲ. ಅದರ ಜಾಗಕ್ಕೇ ಗುಡಿಸು ಬರುತ್ತದೆ. ಹಾಗಾಗಿ ಮೂಲಾಕ್ಷರವನ್ನು ತಲೆಕಟ್ಟಿಲ್ಲದೆ ಬರೆದು, ತಲೆಕಟ್ಟನ್ನೂ ಬೇರೆಯೇ ತುಂಡಾಗಿ ಮಾಡಿಕೊಳ್ಳಬೇಕು.

ಇಲ್ಲಿ ಒಂದು ಸಂಗತಿಯನ್ನು ಹತ್ತಿರದಿಂದ ತೋರಿಸುತ್ತೇನೆ. ಎರಡನೆಯ ತರಗತಿಯ ಹುಡುಗಿಯೊಬ್ಬಳು ‘ಹೂವು’ ಎಂದು ಬರೆಯಲು ಹೋಗಿ ಪ್ರತಿ ಸಲವೂ ‘ಹೂಮ’ ಎಂದು ಬರೆಯುತ್ತಿದ್ದಳು. ಹತ್ತಾರು ಸಲ ತಿದ್ದಿಸಿದ್ದೂ ಆಯಿತು. ಒಂದು ದಿನ ಅವಳ ಪಕ್ಕ ಕುಳಿತು, ಅವಳು ಬರೆಯುವುದನ್ನೇ ನೋಡಿದೆ. ಮೊದಲು ‘ವ’ ಬರೆದಳು, ಆಮೇಲೆ ‘ಕು’, ‘ಗು’, ‘ಸು’ಗಳಲ್ಲಿ ಕಲಿತಂತೆ ಬಲಬದಿಗೆ ಕೊಂಬು ಎಳೆದಳು. ಅದು ‘ಮ’ ಆಯಿತು! ಅವಳು ನಿಯಮವನ್ನು ಸರಿಯಾಗಿಯೇ ಪಾಲಿಸಿದ್ದಳು. ‘ವು’ ಮತ್ತು ‘ಪು’ಗಳಲ್ಲಿ ಕೊಂಬು ಅಕ್ಷರದ ಕೆಳಗೆ ಬಾಗುತ್ತದೆ ಎಂಬುದನ್ನು ಅವಳಿಗೆ ಯಾರೂ ಎತ್ತಿ ತೋರಿಸಿರಲಿಲ್ಲ, ನಾನೂ ತೋರಿಸಿರಲಿಲ್ಲ. ರಟ್ಟಿನಲ್ಲಿ ‘ವ’ ಕತ್ತರಿಸಿ, ದಾರದ ತುಂಡೊಂದನ್ನು ಕೊಂಬಾಗಿ ಕೊಟ್ಟೆ. ಪಕ್ಕಕ್ಕಿಟ್ಟರೆ ‘ಮ’, ಕೆಳಕ್ಕೆ ಬಾಗಿಸಿದರೆ ‘ವು’. ನಾಲ್ಕು ಸಲ ಇಟ್ಟು ನೋಡಿ, ದಾರವನ್ನು ನನಗೇ ವಾಪಸ್ಸು ಕೊಟ್ಟಳು. ಆ ದಾರದ ಕೆಲಸ ಅಲ್ಲಿಗೆ ಮುಗಿಯಿತು.

ಅಕ್ಷರ ಬಂದ ಮೇಲೆ ಓದಲು ಪುಸ್ತಕ ಬೇಕು. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಂಡು ಮುದ್ರಿಸಬಹುದು. ಮನೆಯಲ್ಲಿ ತುಳು, ಲಂಬಾಣಿ ಅಥವಾ ಉರ್ದು ಆಡುವ ಮಕ್ಕಳಿಗೆ ಅವರು ಹೇಳಿದ ಎರಡು ಸಾಲನ್ನೇ ಕನ್ನಡ ಲಿಪಿಯಲ್ಲಿ ಬರೆದು, ಹೊಲಿದು, ಪುಸ್ತಕ ಮಾಡಿ ಕೊಡಿ. ತನ್ನ ಮಾತು ಅಚ್ಚಿನ ಹಾಗೆ ನಿಂತದ್ದನ್ನು ಕಂಡ ಮಗು ಆ ಪುಸ್ತಕವನ್ನು ಕೈಬಿಡುವುದಿಲ್ಲ.

ಇನ್ನು ಲೆಕ್ಕ. ‘ನೂರ ಐದು’ ಬರೆಯಿರಿ ಎಂದರೆ 1005 ಎಂದು ಬರೆಯುವ ಮಕ್ಕಳನ್ನು ಕಾಣದ ಶಿಕ್ಷಕರು ಈ ಸಭೆಯಲ್ಲಿ ಇರಲಾರರು. ಮಗು ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೇ ಬರೆಯಿತು: ಮೊದಲು ನೂರು, ಆಮೇಲೆ ಐದು. ಇದಕ್ಕೆ ಮಾಂಟೆಸರಿ ಪದ್ಧತಿಯಲ್ಲಿ ಬಳಸುವ, ಒಂದರ ಮೇಲೊಂದು ಕೂರುವ ಪಟ್ಟಿಗಳಷ್ಟು ಒಳ್ಳೆಯ ಮದ್ದನ್ನು ನಾನು ಕಂಡಿಲ್ಲ. ಮೂರಂಕಿ ಅಗಲದ ಪಟ್ಟಿಯಲ್ಲಿ 300, ಎರಡಂಕಿ ಅಗಲದ ಪಟ್ಟಿಯಲ್ಲಿ 40, ಒಂದಂಕಿಯ ಪಟ್ಟಿಯಲ್ಲಿ 2 ಬರೆದು, ಬಲ ಅಂಚುಗಳು ಕೂಡುವಂತೆ ಒಂದರ ಮೇಲೊಂದು ಇಟ್ಟರೆ 342 ಕಾಣುತ್ತದೆ. ಪಟ್ಟಿ ಎತ್ತಿದರೆ ಅಡಗಿದ್ದ ಸೊನ್ನೆಗಳು ಹೊರಗೆ ಬರುತ್ತವೆ. ಲಗ್ನಪತ್ರಿಕೆಯ ರಟ್ಟು ಇದಕ್ಕೆ ಸಾಕು. ಕನ್ನಡದ ಸಂಖ್ಯಾನಾಮಗಳೂ ನಮ್ಮ ಸಹಾಯಕ್ಕಿವೆ. ಇಪ್ಪತ್ತು ದಾಟಿದ ಮೇಲೆ ‘ಮೂವತ್ತೈದು’ ಎನ್ನುವಾಗ ಮೂರು ಹತ್ತು ಮತ್ತು ಐದು ಎಂಬುದು ಹೆಸರಿನಲ್ಲೇ, ಬರೆಯುವ ಕ್ರಮದಲ್ಲೇ ಇದೆ. ಪಟ್ಟಿ ಇಡುತ್ತಾ ಅದನ್ನು ಬಾಯಲ್ಲಿ ಬಿಡಿಸಿ ಹೇಳಿಸಬೇಕು.

ಕಳೆಯುವ ಲೆಕ್ಕದಲ್ಲಿ 52ರಿಂದ 27 ಕಳೆಯಲು ಹೇಳಿದರೆ 35 ಎಂಬ ಉತ್ತರ ಬರುವುದು ಸಾಮಾನ್ಯ. ಏಳರಿಂದ ಎರಡು ಹೋದರೆ ಐದು, ಐದರಿಂದ ಎರಡು ಹೋದರೆ ಮೂರು. ‘ಸಾಲ ತಗೋ’ ಎಂದು ನೂರು ಸಲ ಹೇಳಿದರೂ ಯಾರಿಂದ, ಏನನ್ನು ಎಂಬುದು ಮಗುವಿಗೆ ಹೊಳೆದಿರುವುದಿಲ್ಲ. ತೆಂಗಿನ ಕಡ್ಡಿಗಳನ್ನು ಒಂದೇ ಅಳತೆಗೆ ಕತ್ತರಿಸಿ, ಹತ್ತರಂತೆ ರಬ್ಬರ್ ಬ್ಯಾಂಡ್ ಹಾಕಿ ಐದು ಕಟ್ಟು, ಎರಡು ಬಿಡಿ ಕಡ್ಡಿ ಕೊಡಿ. ಏಳು ಬಿಡಿ ಕಡ್ಡಿ ಕೊಡು ಎಂದು ಕೈಚಾಚಿ. ಮಗು ಎರಡನ್ನು ಕೊಡುತ್ತದೆ, ಕಟ್ಟುಗಳನ್ನು ನೋಡುತ್ತದೆ, ನಮ್ಮ ಮುಖ ನೋಡುತ್ತದೆ. ಆಗ ನಾವು ಬಾಯಿ ಬಿಡಬಾರದು. ತಾನಾಗಿ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚುವವರೆಗೆ ಕಾಯಬೇಕು. ಈ ಕಾರಣಕ್ಕಾಗಿಯೇ, ಬಿಡಿಸಲಾಗದ ಪ್ಲಾಸ್ಟಿಕ್ ಹತ್ತರ ಪಟ್ಟಿಗಿಂತ ಮೊದಲು ಬಿಚ್ಚಬಹುದಾದ ಕಟ್ಟು ಬರಬೇಕು ಎಂಬುದು ನನ್ನ ಅಭಿಪ್ರಾಯ. ಅಕ್ಷರ ಫೌಂಡೇಶನ್ ರೂಪಿಸಿದ ಗಣಿತ ಕಿಟ್‌ಗಳು ರಾಜ್ಯದ ಬಹಳಷ್ಟು ಸರ್ಕಾರಿ ಶಾಲೆಗಳಲ್ಲಿವೆ. ಕಡ್ಡಿ ಕಟ್ಟು ಬಿಚ್ಚಿ ಬಲ್ಲ ಮಕ್ಕಳು ಆ ಕಿಟ್ಟನ್ನು ಬಹಳ ಬೇಗ ತಮ್ಮದಾಗಿಸಿಕೊಳ್ಳುತ್ತಾರೆ.

ಆದರೆ ಐದನೆಯ ತರಗತಿಯಲ್ಲೂ ಕಡ್ಡಿ ಎಣಿಸುತ್ತಿರುವ ಮಗುವನ್ನು ನೋಡಿ ಸಂತೋಷಪಡುವಂತಿಲ್ಲ. ಕಡ್ಡಿಯಿಂದ ಕಡ್ಡಿಯ ಚಿತ್ರಕ್ಕೆ, ಅಂದರೆ ಹಾಳೆಯ ಮೇಲೆ ಹತ್ತಕ್ಕೊಂದು ಗೆರೆ, ಬಿಡಿಗೊಂದು ಚುಕ್ಕೆ. ಅಲ್ಲಿಂದ ಬರೀ ಅಂಕಿಗೆ. ಈ ನಡುವಿನ ಮೆಟ್ಟಿಲನ್ನು ನಾವು ಹಾರಿಸಿಬಿಡುತ್ತೇವೆ. ಕಡ್ಡಿ ಇದ್ದಾಗ ಸರಿಯಾಗಿ ಮಾಡಿದ ಮಗು ಪರೀಕ್ಷೆಯಲ್ಲಿ ಮತ್ತೆ 35 ಬರೆದರೆ ಅದಕ್ಕೆ ಕಾರಣ ಇದೇ.

ಚರಿತ್ರೆಗೆ ನಮ್ಮ ಶಾಲೆಗಳಲ್ಲಿ ಉಪಕರಣವೆಂದರೆ ರಾಜರ ಪಟಗಳು ಮತ್ತು ಒಂದು ನಕ್ಷೆ. ಆದರೆ ಕರ್ನಾಟಕದ ಹಳ್ಳಿಗಳಲ್ಲಿ ಸಾವಿರ ವರ್ಷದ ಉಪಕರಣಗಳು ಬಯಲಲ್ಲೇ ನಿಂತಿವೆ. ಊರ ಬಾಗಿಲಿನ ವೀರಗಲ್ಲಿನ ಮುಂದೆ ನಾಲ್ಕನೆಯ ತರಗತಿಯ ಮಕ್ಕಳನ್ನು ಕೂರಿಸಿ, ‘ಕೆಳಗಿನಿಂದ ಮೇಲಕ್ಕೆ ಓದಿ’ ಎಂದು ಹೇಳಿ ನೋಡಿ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ. ಕೆಳಗಿನ ಪಟ್ಟಿಕೆಯಲ್ಲಿ ಹಸುಗಳಿದ್ದರೆ ಅದು ತುರುಗಾಳಗ. ಯಾರು ಯಾರ ದನ ಹೊಡೆದುಕೊಂಡು ಹೋದರು, ದನಕ್ಕಾಗಿ ಜೀವ ಕೊಡುವಷ್ಟು ಅದು ಏಕೆ ಮುಖ್ಯವಾಗಿತ್ತು ಎಂಬ ಪ್ರಶ್ನೆಗಳು ಮಕ್ಕಳಿಂದಲೇ ಬರುತ್ತವೆ. ಶಾಸನವಿದ್ದರೆ, ಬಿ.ಎಲ್. ರೈಸ್ ಅವರು 1886ರಿಂದ ಪ್ರಕಟಿಸತೊಡಗಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳು ತಾಲ್ಲೂಕುವಾರಾಗಿವೆ. ಹಳೆಯ ಮೈಸೂರು ಸೀಮೆಯ ಎಷ್ಟೋ ಊರುಗಳ ಶಾಸನಗಳ ಪಾಠ ಅವುಗಳಲ್ಲಿ ಸಿಗುತ್ತದೆ.

ಮಕ್ಕಳಿಗೆ ಶಾಸನದ ರುಚಿ ಹತ್ತಿಸಲು ನಾನು ಆರಿಸಿಕೊಳ್ಳುವುದು ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲನ್ನು. ಅದೀಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. 949ರ ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ಹೋರಾಡಿದ, ಚೋಳ ರಾಜಾದಿತ್ಯ ಮಡಿದ. ಬೂತುಗನ ಕಡೆಯ ವೀರ ಮಣಲೇರ, ಏನು ಬೇಕೆಂದು ಒಡೆಯ ಕೇಳಿದಾಗ, ‘ಕಾಳಿ’ ಎಂಬ ಬೇಟೆನಾಯಿಯನ್ನು ಬೇಡಿ ಪಡೆದ. ಆ ನಾಯಿ ಮುಂದೆ ಒಂದು ದೊಡ್ಡ ಕಾಡುಹಂದಿಯೊಡನೆ ಸೆಣಸಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಂತಿತು, ಕಲ್ಲಿನ ಮೇಲೆ ಆ ಸೆಣಸಾಟದ ಕೆತ್ತನೆಯೂ ಇದೆ. ರಾಷ್ಟ್ರಕೂಟ, ಗಂಗ, ಚೋಳ ಎಂಬ ಮೂರು ಹೆಸರುಗಳು ಒಂದು ನಾಯಿಯ ಕಥೆಯೊಳಗೆ ಬಂದಾಗ ಮಕ್ಕಳಿಗೆ ಅವು ಮರೆತುಹೋಗುವುದಿಲ್ಲ.

ಕಾಲವನ್ನು ತೋರಿಸಲು ಒಂದು ಹಗ್ಗ ಸಾಕು. ಒಂದು ಗೇಣಿಗೆ ಹತ್ತು ವರ್ಷವೆಂದು ಹಿಡಿದು, ಮೊದಲ ಗಂಟು ಮಗು ಹುಟ್ಟಿದ್ದಕ್ಕೆ, ಮುಂದಿನದು ಅಮ್ಮನಿಗೆ, ಆಮೇಲಿನದು ಅಜ್ಜಿಗೆ. ಸ್ವಾತಂತ್ರ್ಯ ಬಂದ 1947 ಎಂಟು ಗೇಣಿನೊಳಗೇ ಸಿಗುತ್ತದೆ. ಕಾಳಿಯ ಕಲ್ಲಿಗೆ ನೂರಕ್ಕೂ ಹೆಚ್ಚು ಗೇಣು, ಅಂದರೆ ಸುಮಾರು 80 ಅಡಿ. ಹಗ್ಗ ತರಗತಿಯ ಬಾಗಿಲು ದಾಟಿ ಅಂಗಳಕ್ಕೆ ಹೋಗುತ್ತದೆ. ಸುಮಾರು 450ರ ಹಲ್ಮಿಡಿ ಶಾಸನಕ್ಕೆ ಇನ್ನೂ ಐವತ್ತು ಗೇಣು ನಡೆಯಬೇಕು. ಅಜ್ಜಿಯ ಗಂಟಿನ ಬಳಿ ನಿಂತ ಮಗು ಆ ತುದಿಯಲ್ಲಿ ನಿಂತ ಗೆಳತಿಯನ್ನು ಕೂಗಿ ಮಾತನಾಡಿಸಬೇಕಾದಾಗ, ‘ಬಹಳ ಹಿಂದೆ’ ಎಂಬ ಮಾತಿಗೆ ಅಳತೆ ಸಿಗುತ್ತದೆ. ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ: ಶಾಸನದ ಮೇಲೆ ಎಣ್ಣೆ ಹಚ್ಚಿಸಬೇಡಿ, ಅಕ್ಷರವನ್ನು ಮೊಳೆಯಿಂದ ಕೆರೆಸಬೇಡಿ. ನೋಡಿ ಚಿತ್ರ ಬರೆದುಕೊಳ್ಳಲಿ.

ಕೊನೆಯದಾಗಿ ದಾಸ್ತಾನು ವಹಿಯ ಮಾತು. ನಾನು ಮುಖ್ಯಶಿಕ್ಷಕಿಯಾದ ಮೇಲೆ ವಹಿಯಲ್ಲಿ ‘ಬಳಸಿ ಸವೆದದ್ದು’ ಎಂಬ ಕಾಲಂ ಒಂದನ್ನು ಎಳೆದು, ಪ್ರತಿ ತಿಂಗಳು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಓದಿ ಸಹಿ ಹಾಕಿಸುತ್ತಿದ್ದೆ. ನಾನು ನಿವೃತ್ತಳಾಗುವವರೆಗೆ ಅದಕ್ಕೆ ಯಾರೂ ಆಕ್ಷೇಪ ಎತ್ತಲಿಲ್ಲ. ಇಲ್ಲಿರುವ ಅಧಿಕಾರಿಗಳು ಅಂಥ ಕಾಲಂ ಎಲ್ಲ ಶಾಲೆಗಳ ವಹಿಯಲ್ಲೂ ಇರುವಂತೆ ಒಂದು ಸುತ್ತೋಲೆ ಹೊರಡಿಸಿದರೆ ಎಷ್ಟೋ ಬೀಗಗಳು ತೆರೆಯುತ್ತವೆ ಎಂದು ವಿನಂತಿಸಿಕೊಳ್ಳುತ್ತೇನೆ.

ಕಡ್ಡಿ ಕಟ್ಟು, ಅಂಕಿಯ ಪಟ್ಟಿಗಳು, ರಟ್ಟಿನ ‘ವ’ ಮತ್ತು ದಾರ, ಗಂಟು ಹಾಕಿದ ಹಗ್ಗ, ಇವನ್ನೆಲ್ಲ ವೇದಿಕೆಯ ಬಲಕ್ಕಿರುವ ಮೇಜಿನ ಮೇಲೆ ಇಟ್ಟಿದ್ದೇನೆ. ದಯವಿಟ್ಟು ಬನ್ನಿ, ಕೈಗೆತ್ತಿಕೊಂಡು ನೋಡಿ. ನಮಸ್ಕಾರ.