ಮೊದಲ ಮ್ಯಾಳಗಿ ಸೋರಬೇಕು, ಆಮ್ಯಾಲೆ ಅರ್ಥ

ನಮಸ್ಕಾರ್ರಿ ಎಲ್ಲಾರಿಗೂ. ಇವತ್ತ ಅನ್ಯೋಕ್ತಿ ಬಗ್ಗೆ ಮಾತಾಡೂಣು, ಅಂದ್ರ ಒಂದರ ಕಥಿ ಹೇಳಕೋತ ಅದರ ಹೊಟ್ಟ್ಯಾಗ ಇನ್ನೊಂದನ್ನ ಹೇಳೂದು.

ಶಿಶುನಾಳ ಶರೀಫಜ್ಜಾರ ಸೋರೂ ಮಾಳಿಗಿ ಪದ ನಮ್ಮ ಭಜನ್ಯಾಗ ಕೇಳದವರು ಯಾರದಾರ ಹೇಳ್ರಿ. ಆದ್ರ ಸಾಲ್ಯಾಗ ನನಗ ಅದನ್ನ ಕಲಿಸಿದ್ದು ಹೆಂಗಂದ್ರ, ಮನಿ ಅಂದ್ರ ದೇಹ, ತೊಲಿ ಅಂದ್ರ ಇದು, ಜಂತಿ ಅಂದ್ರ ಅದು, ಹೊಂದಿಸಿ ಬರೀರಿ, ಮುಗೀತು. ಇದು ನನಗ ಇವತ್ತಿಗೂ ಸಂಕಟ ಆಗ್ತದ, ಯಾಕಂದ್ರ ಹಿಂಗ ಮಾಡಿದ್ರ ಪದ ಸತ್ತು ಬರೇ ಪಟ್ಟಿ ಉಳೀತದ.

ಬಾಗಲಕೋಟಿ ಕಡೆ ಹಳ್ಳ್ಯಾಗ ನಮ್ಮ ಅಜ್ಜೀದು ಮಣ್ಣಿನ ಮ್ಯಾಳಗಿ ಮನಿ. ಮಳಿಗಾಲಕ್ಕಿಂತ ಮೊದಲ ಮ್ಯಾಲೆ ಬೆಳೆದ ಕರಕಿ ಕಿತ್ತು, ಸವಳ ಮಣ್ಣ ಹಾಕಿ, ಕಾಲಿಲೆ ತುಳದು ಗಟ್ಟಿ ಮಾಡಬೇಕು, ಒಂದ ವರ್ಷ ತಪ್ಪಿದ್ರ ರಾತ್ರಿ ಹಾಸಿಗಿ ಎತಗೊಂಡು ಮೂಲಿ ಮೂಲಿ ಹುಡುಕೂದು, ಕೆಳಗ ಬೋಗಾಣಿ ಇಡೂದು. ಶರೀಫರು ಆ ಪದದಾಗ ಕತ್ತಲದಾಗ ಮ್ಯಾಲೆ ಏರಿ ‘ಮೆಟ್ಟಲಾರೆ’ ಅಂತಾರಲ್ಲ, ಆ ಮೆಟ್ಟೂದು ಏನಂತ ಸಾಲ್ಯಾಗ ತಿಳಿದಿದ್ದಿಲ್ಲರಿ ನನಗ, ಅಜ್ಜಿ ಮಣ್ಣ ತುಳಿಯೂದ ನೋಡಿದಾಗ ತಿಳೀತು. ಹಗಲ ಇದ್ದಾಗ ಮಾಡೋ ಕೆಲಸ ಬಿಟ್ಟು, ಮಳಿ ಬಂದ ಮ್ಯಾಲೆ ಕತ್ತಲದಾಗ ಏರಾಕ ಆಗವಲ್ದು ಅನ್ನೋ ಸಂಕಟ ಅದು! ‘ಅಜ್ಞಾನದಿಂದ’ ಅಂತ ಒಂದ ಮಾತಿನ್ಯಾಗ ಕೀಲಿಕೈ ಅವರs ಕೊಟ್ಟಬಿಟ್ಟಾರ ಖರೆ, ಆದ್ರ ಆಮ್ಯಾಲೆ ಮ್ಯಾಳಗಿ ಬಿಟ್ಟ ಆಚೀಕಡೆ ಹೋಗೂದು ಭಾಳ ಕಡಿಮಿ, ಹುಳುಕ ಜಂತಿ, ಮುರುಕ ತೊಲಿ, ಇರಬಿ, ಇವೆಲ್ಲಾ ಖರೇ ಮನೀದs.

ಬೆಡಗಿನ ವಚನ, ಅಂದ್ರ ಅರ್ಥ ಮುಚ್ಚಿಟ್ಟು ಒಗಟಿನಂಗ ಹೇಳಿದ ವಚನ, ಅವುಗಳ ಮಾತ ಬ್ಯಾರೆ, ಅವಕ್ಕ ಮುಂದ ಟೀಕಾನs ಬರೀಬೇಕಾತು.

ಕಲ್ಲಿನಾಗೂ ಹಿಂಗ ಎರಡು ಮಾತು ಹೇಳಬಹುದು. ಬದಾಮಿ ಮೂರನೇ ಗವಿಗೆ ಹೋಗ್ರಿ, ಚಾಲುಕ್ಯರ ಮಂಗಳೇಶ ಮಾಡಿಸಿದ್ದು, ಕ್ರಿ.ಶ. 578ರ ಶಾಸನ ಐತಿ. ಅಲ್ಲಿ ವರಾಹ ಭೂದೇವೀನ್ನ ಎತ್ತಿ ನಿಂತಾನ. ಚಾಲುಕ್ಯರ ಲಾಂಛನನೂ ವರಾಹನs, ಅಂದ್ರ ನೆಲ ಎತ್ತಿ ಹಿಡದಾಂವ ನಮ್ಮ ರಾಜ ಅನ್ನೂದೂ ಅದs ಕಲ್ಲಿನಾಗ ಐತಿ ಅಂತ ನಾ ಓದ್ಕೋತೀನಿ. ರಾಜಕೀಯ ಗೊತ್ತಿಲ್ಲದ ಸಣ್ಣ ಹುಡುಗಗೂ ಆಕಿ ಮುಳಗಾಕತ್ತಿದ್ಲು, ಆಂವ ಎತ್ತಿದಾ ಅನ್ನೋದು ಪೂರ್ತಿ ಸಿಗತದ, ಅರ್ಧಾ ಅಲ್ಲ.

ಮಣ್ಣಿನ ಮ್ಯಾಳಗ್ಯಾಗ ಬಾಳೇ ಮಾಡಿದವರು ನಿಮ್ಮ ಮನ್ಯಾಗ ಯಾರರ ಇದ್ರ, ಅದನ್ನ ಹೆಂಗ ತುಳೀತಿದ್ರಿ ಅಂತ ಒಂದ ಸಲ ಕೇಳ್ರಿ. ಕೇಳಿ, ಆಮ್ಯಾಲೆ ಆ ಪದ ಹಚ್ಚ್ರಿ.